ಒಂಬತ್ತು ಚುಕ್ಕಿಯ ಅಕ್ಷರ

ಕಲಿಸುವುದು ಹೇಗೆ ಎಂದು ನನಗೆ ಕಲಿಸಿದವರು ಮೂವರು. ಒಬ್ಬರು ಸಾಹೇಬರು, ಒಂದು ಮಂಗ, ಇನ್ನೊಬ್ಬರು ನೇಕಾರರ ಮನೆಯ ಹೆಣ್ಣುಮಗಳು. ಮೂವರಲ್ಲಿ ಎಲ್ಲಕ್ಕಿಂತ ಕಡಿಮೆ ಕಲಿಸಿದವರು ಸಾಹೇಬರು. ಆದರೆ ನನ್ನ ಪ್ರಮಾಣಪತ್ರದ ಮೇಲೆ ಇರುವುದು ಅವರ ಸಹಿ ಮಾತ್ರ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬಾಗಲಕೋಟೆ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮ ಅರ್ಜಿಗಳೆಲ್ಲ ವಿಜಾಪುರಕ್ಕೆ ಹೋಗಿ ಅಲ್ಲಿಯೇ ನಿದ್ದೆ ಮಾಡುತ್ತಿದ್ದವು. ನಾನು ಬಾಗಲಕೋಟೆಯಲ್ಲಿ ಶಿಕ್ಷಕರ ತರಬೇತಿ ಮುಗಿಸಿ, ನೌಕರಿಗೆ ಅರ್ಜಿ ಹಾಕಿ, ಇಲಕಲ್ಲಿನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತಿದ್ದೆ. ನನ್ನ ರೊಟ್ಟಿ ಒಂದು ದಿನವೂ ದುಂಡಗೆ ಬಂದದ್ದಿಲ್ಲ. ಹೀಗಾಗಿ, ಹೆಂಗಸರಿಗೆ ಅಕ್ಷರ ಕಲಿಸುವ ಕೇಂದ್ರ ನಡೆಸುತ್ತೀಯಾ ಎಂದು ವಯಸ್ಕರ ಶಿಕ್ಷಣದವರು ಕೇಳಿಕೊಂಡು ಬಂದಾಗ ನನಗಿಂತ ಮೊದಲು ಅವ್ವ ಹೂಂ ಅಂದಳು.

ಕೇಂದ್ರ ತೆರೆಯುವ ಮೊದಲು ಬಾದಾಮಿಯಲ್ಲಿ ಮೂರು ದಿನ ತರಬೇತಿ. ಕೆರೆಯ ಹತ್ತಿರದ ಹಳೆಯ ಕಟ್ಟಡವೊಂದರ ಪಡಸಾಲೆಯಲ್ಲಿ ನಾವು ಇಪ್ಪತ್ತು ಮಂದಿ ಚಾಪೆಯ ಮೇಲೆ ಕುಳಿತೆವು. ಹೇಳಿಕೊಡಲು ಬಂದ ಸಾಹೇಬರು ಎತ್ತರದ, ಸಣಕಲು ಮನುಷ್ಯ. ಅವರ ಕೈಯಲ್ಲಿ ಕೆಂಪು ರಟ್ಟಿನ ವಹಿ. ಆ ವಹಿ ನೋಡದೆ ಅವರು ಒಂದು ಮಾತೂ ಆಡುತ್ತಿರಲಿಲ್ಲ. ನಮ್ಮನ್ನು ಚಹಾಕ್ಕೆ ಬಿಡಬೇಕಾದರೂ ಪುಟ ತಿರುವಿ, ಬೆರಳಿಟ್ಟು ನೋಡಿ, "ಈಗ ಚಹಾ" ಅನ್ನುತ್ತಿದ್ದರು.

ಮೂರನೆಯ ದಿನದ ಪಾಠ ಆಸರೆಯ ಮೇಲೆ. ಹಲಗೆಯ ಮೇಲೆ ಒಂದು ಮನೆ ಬರೆದು ಅದರ ಸುತ್ತ ಬಿದಿರಿನ ಸಾರುವೆ ಬರೆದರು. ಗೋಡೆ ಏಳುವ ತನಕ ಗೌಂಡಿಗೆ ನಿಲ್ಲಲು ಸಾರುವೆ ಬೇಕು, ಗೋಡೆ ಎದ್ದ ಮೇಲೆ ಅದನ್ನು ಬಿಚ್ಚಬೇಕು, ಬಿಚ್ಚದಿದ್ದರೆ ಅದು ಮನೆಯಲ್ಲ, ಬಿದಿರಿನ ಮೆಳೆ ಎಂದು ಓದಿದರು. ಕಲಿಯುವವರಿಗೂ ಹಾಗೆಯೇ. ಮೊದಲು ಕೈ ಹಿಡಿದು ಬರೆಸಬೇಕು. ಆಮೇಲೆ ಚುಕ್ಕಿ ಇಟ್ಟುಕೊಡಬೇಕು, ಅವರು ಚುಕ್ಕಿ ಕೂಡಿಸಿ ಅಕ್ಷರ ಮಾಡಬೇಕು. ಬರಬರುತ್ತ ಚುಕ್ಕಿ ಕಡಿಮೆ ಮಾಡಿ, ಕೊನೆಗೆ ಒಂದೂ ಇಲ್ಲದಂತೆ ಮಾಡಬೇಕು. ಆಸರೆ ಕೊಡುವುದು ಎಲ್ಲರಿಗೂ ಬರುತ್ತದೆ, ತೆಗೆಯುವುದೇ ನಿಜವಾದ ವಿದ್ಯೆ. "ಆಸರೆ ತೆಗೆಯುವ ವಿಧಾನಗಳು ಐದು. ಮೊದಲನೆಯದು" ಎಂದು ಸಾಹೇಬರು ಪುಟ ತಿರುವಿದರು.

ಬಾದಾಮಿಯ ಮಂಗಗಳನ್ನು ಕಂಡವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಕಿಟಕಿಯಲ್ಲಿ ಬೆಳಗಿನಿಂದ ನಮ್ಮ ಜೊತೆಗೇ ಪಾಠ ಕೇಳುತ್ತ ಕುಳಿತಿದ್ದ ಒಂದು ದೊಡ್ಡ ಮಂಗ ಒಳಗೆ ಜಿಗಿದು, ಸಾಹೇಬರ ಕೈಯಿಂದ ವಹಿ ಕಸಿದುಕೊಂಡು, ಬಂದ ದಾರಿಯಲ್ಲೇ ಹೋಗಿ ಕೆಂಪು ಬಂಡೆ ಏರಿ ಕುಳಿತಿತು. ಒಳಗೆ ಚುರುಮುರಿ ಇದೆ ಎಂದುಕೊಂಡಿರಬೇಕು. ಚುರುಮುರಿ ಸಿಗದೆ ಸಿಟ್ಟಿಗೆದ್ದು ಒಂದೊಂದೇ ಹಾಳೆ ಹರಿದು ಗಾಳಿಗೆ ಬಿಡತೊಡಗಿತು. ಸಾಹೇಬರು ನಮ್ಮ ಕಡೆ ತಿರುಗಿ "ಮೊದಲನೆಯದು" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ "ಮೊದಲನೆಯದು" ಅಂದರು. ಚಹಾಕ್ಕೆ ಬಿಡುವುದೂ ಅವರಿಗೆ ನೆನಪಾಗಲಿಲ್ಲ; ನಾವೇ ಎದ್ದು ಹೋಗಿ ಕುಡಿದು ಬಂದೆವು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತಂತೆ. ಸಂಜೆ ಎಲ್ಲರಿಗೂ ಪ್ರಮಾಣಪತ್ರ ಹಂಚಿ ಕಳಿಸಿದರು. ಆಸರೆ ಕೊಡುವುದು ಮಾತ್ರ ಗೊತ್ತಿದ್ದ, ತೆಗೆಯುವುದು ಗೊತ್ತಿಲ್ಲದ ಇಪ್ಪತ್ತು ಮಂದಿ ಇಪ್ಪತ್ತು ಊರುಗಳಿಗೆ ಹೋದೆವು.

ಇಲಕಲ್ಲಿನಲ್ಲಿ ನನ್ನ ಕೇಂದ್ರ ನಡೆದದ್ದು ನಮ್ಮ ಓಣಿಯ ಒಂದು ಮಗ್ಗದ ಕೋಣೆಯಲ್ಲಿ. ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕು. ಕೋಣೆ ಇದ್ದದ್ದು ಐವತ್ತೈದರ ಆಸುಪಾಸಿನ ಒಬ್ಬ ವಿಧವೆಯದು. ನಾನು ಅವರನ್ನು ದೊಡ್ಡವ್ವ ಅನ್ನುತ್ತಿದ್ದೆ. ಅವರು ಪಾಠದ ಹೊತ್ತಿನಲ್ಲಿ ನನ್ನನ್ನು "ಅಕ್ಕಾರ" ಎಂದು ಬಹುವಚನದಲ್ಲಿ ಕರೆಯುತ್ತಿದ್ದರು, ಪಾಠ ಮುಗಿದ ಕೂಡಲೇ "ಏ ಹುಡುಗಿ" ಎನ್ನುತ್ತಿದ್ದರು. ನಾಲ್ಕು ಹೊಡೆಯುತ್ತಲೇ ನನ್ನ ಮರ್ಯಾದೆ ಇಳಿಯುತ್ತಿತ್ತು. ಅವರ ಹೆಸರು ನಾಲ್ಕು ಅಕ್ಷರದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ಆ ಹೆಸರು ಬರೆಯುವ ಹಕ್ಕು ಯಾರದು ಎಂಬುದೇ ಈ ಕಥೆ.

ದೊಡ್ಡವ್ವನ ಕೈ ಓಣಿಯಲ್ಲಿ ಹೆಸರಾದ ಕೈ. ಇಲಕಲ್ ಸೀರೆಯಲ್ಲಿ ಒಡಲಿನ ಎಳೆಯೇ ಬೇರೆ, ಸೆರಗಿನ ಎಳೆಯೇ ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಬೇರೆಯವರು ಕಣ್ಣು ಕಿರಿದು ಮಾಡಿಕೊಂಡು ಕೂಡಿಸುವುದನ್ನು ಅವರು ಓಣಿಯ ಸುದ್ದಿ ಹೇಳುತ್ತ, ಅತ್ತ ನೋಡದೆಯೇ ಕೂಡಿಸುತ್ತಿದ್ದರು. ಬೆಳಗ್ಗೆ ಬಾಗಿಲ ಮುಂದೆ ಅವರು ಹಾಕಿದ ಚುಕ್ಕಿ ರಂಗೋಲಿಯನ್ನು ದಾಟಿಕೊಂಡು ಹೋಗಲು ಎಮ್ಮೆಗಳೂ ಹಿಂದೆಮುಂದೆ ನೋಡುತ್ತಿದ್ದವು. ಇಂಥ ಕೈಗೆ ಅಕ್ಷರ ಎಷ್ಟರದು ಎಂದು ನಾನು ಅಂದುಕೊಂಡಿದ್ದೆ.

ಅವರು ಕಲಿಯಲು ಕುಳಿತದ್ದು ಪುರಾಣ ಓದಲಿಕ್ಕಲ್ಲ. ಗಂಡ ತೀರಿಕೊಂಡ ಹತ್ತನೆಯ ದಿನ ಮೈದುನ ಒಂದು ಕಾಗದ ತಂದು, ರೇಷನ್ ಕಾರ್ಡಿನದು ಎಂದು ಓದಿ ಹೇಳಿ, ಅವರ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಆರು ತಿಂಗಳಾದ ಮೇಲೆ ನೋಡಿದರೆ ಮನೆಯ ಮುಂಭಾಗ, ಅಂದರೆ ರಸ್ತೆಯ ಕಡೆಯ ಪಡಸಾಲೆ, ಅವನ ಹೆಸರಿಗೆ ಹೋಗಿತ್ತು. ದೊಡ್ಡವ್ವನಿಗೆ ಉಳಿದದ್ದು ಹಿಂದಿನ ಅಡುಗೆಮನೆ ಮತ್ತು ಈ ಮಗ್ಗದ ಕೋಣೆ. ಮಗಳು ಲಗ್ನವಾಗಿ ಚೊಳಚಗುಡ್ಡದಲ್ಲಿದ್ದಳು. ಗಂಡ ಕುಳಿತು ನೇಯುತ್ತಿದ್ದ ಕುಣಿಯಲ್ಲಿ, ಅಂದರೆ ಮಗ್ಗದ ಕೆಳಗಿನ ತಗ್ಗಿನಲ್ಲಿ, ಈಗ ದೊಡ್ಡವ್ವ ಕಾಲು ಇಳಿಬಿಟ್ಟು ನೇಯುತ್ತಿದ್ದರು. ಪಾಠದ ಹೊತ್ತಿನಲ್ಲೂ ಅಲ್ಲಿಂದ ಏಳುತ್ತಿರಲಿಲ್ಲ, ಪಾಟಿಯನ್ನು ಮಗ್ಗದ ಮೇಲಿಟ್ಟುಕೊಂಡೇ ಬರೆಯುತ್ತಿದ್ದರು. ಎದ್ದರೆ ಯಾರಾದರೂ ಬಂದು ಕುಳಿತುಬಿಟ್ಟಾರು ಎಂಬ ಭಯ ಅವರಿಗೆ ನಿಜವಾಗಿಯೂ ಇತ್ತು.

ಈಗ ಮೈದುನ ಎರಡನೆಯ ಕಾಗದದ ಮಾತು ತೆಗೆದಿದ್ದ. ಮನೆಗೆ ನೀರಿನ ನಳ ಹಾಕಿಸುತ್ತೇನೆ, ಹುನಗುಂದಕ್ಕೆ ಬಂದು ಒಂದು ಹೆಬ್ಬೆಟ್ಟು ಒತ್ತಿದರೆ ಸಾಕು ಎನ್ನುತ್ತಿದ್ದ. ದೊಡ್ಡವ್ವ ಇಲ್ಲ ಅನ್ನಲಿಲ್ಲ. ಮನೆಯ ಗಂಡಸಿಗೆ ಎದುರಾಡಿ ಅವರಿಗೆ ರೂಢಿಯಿರಲಿಲ್ಲ. ಇನ್ನು ಮೇಲೆ ಹೆಬ್ಬೆಟ್ಟು ಒತ್ತುವುದಿಲ್ಲ, ಕಲಿತು ಸಹಿ ಮಾಡುತ್ತೇನೆ ಎಂದಷ್ಟೇ ಹೇಳಿದರು. ಮೈದುನ ಬಾಗಿಲಲ್ಲಿ ಕಂಡರೆ ಸಾಕು, ಸೀರೆಯ ಅಂಚಿನ ಚಿಂದಿಯನ್ನು ಬಲಗೈ ಹೆಬ್ಬೆರಳಿಗೆ ಗಾಯದ ಪಟ್ಟಿಯಂತೆ ಸುತ್ತಿಕೊಳ್ಳುತ್ತಿದ್ದರು. ಅವನು ಹೋದ ಮೇಲೆ ಬಿಚ್ಚುತ್ತಿದ್ದರು. ಒಂದು ವರ್ಷ ಅವನಿಗೆ ಆ ಹೆಬ್ಬೆರಳಿನ ದರ್ಶನವಾಗಲಿಲ್ಲ.

ಸರಕಾರದಿಂದ ಬಂದ ಪುಸ್ತಕದ ಮೊದಲ ಪಾಠ ದೋಣಿ. ನನ್ನ ಒಂಬತ್ತು ವಿದ್ಯಾರ್ಥಿನಿಯರಲ್ಲಿ ಒಬ್ಬರೂ ದೋಣಿ ಕಂಡವರಲ್ಲ. ಕಾಣದ ವಸ್ತುವನ್ನು ಬರೆದು ಏನು ಮಾಡುವುದು ಎಂದು ಅವರು ಕೇಳಿದರು. ನನಗೂ ಅದು ಸರಿಯೆನಿಸಿತು. ದೋಣಿಯನ್ನು ದಡಕ್ಕೆ ಬಿಟ್ಟು ಎದುರಿಗಿದ್ದ ಮಗ್ಗದಿಂದಲೇ ಶುರುಮಾಡಿದೆ. ಕೈ ಹಿಡಿದು ಬರೆಸಿದೆ. ಆಮೇಲೆ ಸಾಹೇಬರು ಹೇಳಿದಂತೆ ಚುಕ್ಕಿ ಇಟ್ಟುಕೊಟ್ಟೆ. 'ಮ' ಅಕ್ಷರಕ್ಕೆ ಒಂಬತ್ತು, 'ಗ'ಕ್ಕೆ ಐದು, ಅದರ ಕೆಳಗಿನ ಒತ್ತಿಗೆ ಮೂರು. ಲೆಕ್ಕ ಮಾಡಿ ಇಟ್ಟದ್ದಲ್ಲ, ಸೀಮೆಸುಣ್ಣ ಹೋದಂತೆ ಇಟ್ಟದ್ದು. ತಪ್ಪು ಆದದ್ದು ಅಲ್ಲಿ.

ರಂಗೋಲಿ ಹಾಕುವ ಹೆಂಗಸರಿಗೆ ಚುಕ್ಕಿ ಎಂದರೆ ಸಾರುವೆಯಲ್ಲ, ಅಡಿಪಾಯ. ಹದಿನೈದರ ರಂಗೋಲಿಗೆ ಹದಿನೈದು ಚುಕ್ಕಿ ಇಡಲೇಬೇಕು. ರಂಗೋಲಿ ಬಂತು ಎಂದುಕೊಂಡು ಚುಕ್ಕಿ ಬಿಡುವವರು ಯಾರು? ಒಂದು ವಾರದಲ್ಲಿ ನನ್ನ ಒಂಬತ್ತೂ ಮಂದಿ ಅಕ್ಷರಗಳನ್ನು ಚುಕ್ಕಿಯ ಲೆಕ್ಕದಿಂದ ಗುರುತಿಸತೊಡಗಿದರು. 'ಮ' ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, "ಒಂಬತ್ತರದು" ಎಂದರೆ ತಟ್ಟನೆ ಬರೆಯುತ್ತಿದ್ದರು. ದೊಡ್ಡವ್ವನ ಹೆಸರು ಒಟ್ಟು ಮೂವತ್ತೊಂದು ಚುಕ್ಕಿಯದಾಯಿತು. ತನ್ನದು ಇಪ್ಪತ್ತೇ ಚುಕ್ಕಿಯ ಹೆಸರು ಎಂದು ಪಕ್ಕದ ಮನೆಯ ಸೊಸೆ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಆಸರೆ ತೆಗೆಯುವ ಕಾಲ ಬಂತು. ವಿಧಾನಗಳು ಬಾದಾಮಿಯ ಮಂಗದ ಹತ್ತಿರ ಇದ್ದವು, ಆದ್ದರಿಂದ ನಾನೇ ಹುಡುಕಿಕೊಳ್ಳಬೇಕಾಯಿತು. ಮೊದಲು ಒಂಬತ್ತನ್ನು ಆರಕ್ಕೆ ಇಳಿಸಿದೆ. ದೊಡ್ಡವ್ವ ಪಾಟಿ ನೋಡಿ, ನನ್ನ ಮುಖ ನೋಡಿ, ಗಿರಾಕಿಗೆ ಮೋಸ ಮಾಡಲು ಹೊರಟ ಹೊಸ ನೇಕಾರಳಿಗೆ ಬುದ್ಧಿ ಹೇಳುವಂತೆ ಮೆಲ್ಲಗೆ ಹೇಳಿದರು.

"ಎಳಿ ಕಡಿಮಿ ಮಾಡಿದ್ರ ಸೀರಿ ಜಾಳಾಗತೈತ್ರಿ ಅಕ್ಕಾರ."

ಹೀಗೆ ಹೇಳಿ ಬಿಟ್ಟುಹೋದ ಮೂರು ಚುಕ್ಕಿಯನ್ನು ತಾವೇ ಇಟ್ಟುಕೊಂಡರು. ನಾನು ಚುಕ್ಕಿಯನ್ನು ಮಸುಕಾಗಿ ಇಟ್ಟು ನೋಡಿದೆ. ಅವರು ಅದರ ಮೇಲೆ ದಪ್ಪಗೆ ತಿದ್ದಿದರು. ನಾನು ಚುಕ್ಕಿಯನ್ನೇ ಇಡದೆ ಕೊಟ್ಟೆ. ಒಂಬತ್ತೂ ಮಂದಿ ಕೂಡಿ, ನನ್ನ ಮರೆವಿಗೆ ಮರುಗುತ್ತ, ತಮ್ಮ ತಮ್ಮ ಪಾಟಿಯ ಮೇಲೆ ತಾವೇ ಚುಕ್ಕಿ ಇಟ್ಟುಕೊಂಡು, ನನ್ನ ಕರಿಹಲಗೆಯ ಮೇಲೂ ಇಟ್ಟುಕೊಟ್ಟರು. ಗುರುವಿಗೇ ತಿರುಮಂತ್ರ. ಒಂದು ದಿನ ನಾನು ಸಿಟ್ಟಿಗೆದ್ದು, ಚುಕ್ಕಿ ಇಟ್ಟವರು ನನ್ನ ಕ್ಲಾಸಿಗೆ ಬರಬೇಡಿ ಎಂದು ಕೂಗಾಡಿದೆ. ದೊಡ್ಡವ್ವ ಕುಣಿಯಿಂದಲೇ, ಕ್ಲಾಸು ನಿಮ್ಮದು ಖರೆ, ಕೋಣೆ ನನ್ನದು ಎಂದು ನೆನಪು ಮಾಡಿಕೊಟ್ಟರು. ಮರುದಿನ ನಾನೇ ತೆಪ್ಪಗೆ ಹೋಗಿ ಕುಳಿತೆ.

ಈ ನಡುವೆ ನನ್ನ ಕೇಂದ್ರಕ್ಕೆ ಒಬ್ಬ ದೊಡ್ಡ ಪೋಷಕ ಹುಟ್ಟಿಕೊಂಡಿದ್ದ. ಅದು ಆ ಮೈದುನ. ಅತ್ತಿಗೆ ಬೇಗ ಸಹಿ ಕಲಿತರೆ ತನ್ನ ಕೆಲಸವೂ ಬೇಗ ಆಗುತ್ತದೆ ಎಂದು ಅವನ ಲೆಕ್ಕ. ಪಾಟಿ ಒಡೆದರೆ ಹೊಸ ಪಾಟಿ ತರುತ್ತಿದ್ದ, ಮಳೆ ಬಂದರೆ ನನಗೆ ಕೊಡೆ ಹಿಡಿಯುತ್ತಿದ್ದ, ದಾರಿಯಲ್ಲಿ ಸಿಕ್ಕರೆ "ಎಲ್ಲೀತನಕ ಬಂತ್ರಿ?" ಎಂದು ಬೆಳೆ ವಿಚಾರಿಸುವಂತೆ ವಿಚಾರಿಸುತ್ತಿದ್ದ. ಒಮ್ಮೆ ನನ್ನನ್ನು ಬದಿಗೆ ಕರೆದು ಬಹಳ ನಯವಾಗಿ ಹೇಳಿದ.

"ಹೆಸರು ಬರಿಯೂದು ಅಷ್ಟ ಕಲಿಸ್ರಿ, ಸಾಕು. ಓದೂದು ಗೀದೂದು ಯಾಕ್ರಿ ಆ ವಯಸ್ಸಿಗೆ, ತಲಿಗೆ ತ್ರಾಸ ಆಕ್ಕೈತಿ."

ಅಂದಿನಿಂದ ನಾನು ದೊಡ್ಡವ್ವನಿಗೆ ಓದುವುದನ್ನೇ ಹೆಚ್ಚು ಕಲಿಸಿದೆ. ನಳದ ಕಾಗದ ನಳದ್ದಲ್ಲ ಎಂಬ ಸಂಶಯ ನನಗೆ ಗಟ್ಟಿಯಾಯಿತು. ಆದರೆ ಚುಕ್ಕಿಯಿಲ್ಲದ ಅಚ್ಚಿನ ಅಕ್ಷರವನ್ನು ಅವರು ಓದುತ್ತಿದ್ದ ರೀತಿ ನೋಡಿದರೆ ಎದೆ ಕುಸಿಯುತ್ತಿತ್ತು. ಬಳಪ ತೆಗೆದುಕೊಂಡು ಪುಸ್ತಕದ ಅಕ್ಷರದ ಮೇಲೆಯೇ ಚುಕ್ಕಿ ಇಟ್ಟು, ಎಣಿಸಿ, ಆಮೇಲೆ ಓದುತ್ತಿದ್ದರು. ಒಂದು ಸಾಲಿಗೆ ಅರ್ಧ ತಾಸು. ಸರಕಾರದ ಪುಸ್ತಕಕ್ಕೆ ಸಿಡುಬು ಎದ್ದಂತಾಗಿತ್ತು.

ವರ್ಷದ ಕೊನೆಗೆ ಪರೀಕ್ಷೆ ಬಂತು. ಪರೀಕ್ಷಿಸಲು ಬಂದವರು ಬಾದಾಮಿಯ ಅದೇ ಸಾಹೇಬರು. ಈ ಸಲ ವಹಿ ನೀಲಿಯದು. ಅದಕ್ಕೊಂದು ತೂತು ಕೊರೆದು, ಗಟ್ಟಿ ದಾರ ಪೋಣಿಸಿ, ಪ್ಯಾಂಟಿನ ಬೆಲ್ಟಿಗೆ ಕಟ್ಟಿಕೊಂಡಿದ್ದರು. ನಮ್ಮ ಓಣಿಯಲ್ಲಿ ಮಂಗಗಳ ಕಾಟವಿಲ್ಲ ಎಂದೆ. ಇರಲಿ ಬಿಡ್ರಿ ಅಂದರು. ಆ ಐದು ವಿಧಾನ ಯಾವವು ಎಂದು ಆಸೆಯಿಂದ ಕೇಳಿದೆ. ಹಳೆಯ ವಹಿಯನ್ನು ನೆನಪಿಸಿಕೊಂಡು ಹೊಸದರಲ್ಲಿ ಬರೆಯುತ್ತಿದ್ದೇನೆ, ಇನ್ನೂ ಆ ಪುಟ ಬಂದಿಲ್ಲ ಎಂದರು.

ದೊಡ್ಡವ್ವ ಮೊದಲಿಗೆ ಬರೆಯಲು ಕುಳಿತರು. ಆಸರೆಯಿಲ್ಲದೆ ಹೆಸರು ಬರೆಯಬೇಕು ಎಂಬುದು ಪರೀಕ್ಷೆಯ ನಿಯಮ. ಅವರು ಮೂವತ್ತೊಂದು ಚುಕ್ಕಿ ಇಟ್ಟರು. ಸಾಹೇಬರು ಬಗ್ಗಿ ಒರೆಸಿದರು. ಅವರು ಮತ್ತೆ ಇಟ್ಟರು. ಸಾಹೇಬರು ಮತ್ತೆ ಒರೆಸಿದರು. ಇಬ್ಬರಿಗೂ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ಒಬ್ಬರು ಅಂಗಳ ಗುಡಿಸಿದಂತೆ, ಒಬ್ಬರು ರಂಗೋಲಿ ಹಾಕಿದಂತೆ ಬಹಳ ಹೊತ್ತು ನಡೆಯಿತು. ಸಾಹೇಬರು ಬಗ್ಗಿದಾಗೆಲ್ಲ ವಹಿ ಜೋತುಬಿದ್ದು ಪಾಟಿಗೆ ಬಡಿಯುತ್ತಿತ್ತು. ನಾಲ್ಕನೆಯ ಸಲ ದೊಡ್ಡವ್ವ ಬಳಪ ಕೆಳಗಿಟ್ಟು ಕೇಳಿದರು.

"ನಿಮ್ಮ ವಹಿಗೆ ದಾರ ಐತ್ರಿ ಸಾಹೇಬ್ರ. ನನ್ನ ಅಕ್ಷರಕ್ಕ ಚಿಕ್ಕಿ ಇದ್ರ ಏನಾತ್ರಿ?"

ಸಾಹೇಬರು ಇದಕ್ಕೆ ಉತ್ತರ ಸಿಗಬಹುದೇ ಎಂದು ವಹಿಯ ಪುಟ ತಿರುವಿ ನೋಡಿದರು. ಸಿಗಲಿಲ್ಲ. ಕೊನೆಗೆ 'ಆಸರೆ ಬಿಟ್ಟಿಲ್ಲ, ಅನುತ್ತೀರ್ಣ' ಎಂದು ಬರೆದರು. ಉಳಿದ ಎಂಟು ಮಂದಿಗೂ ಅದನ್ನೇ ಬರೆದು, ನಮ್ಮ ಮನೆಯಲ್ಲಿ ಊಟ ಮಾಡಿ, ನನ್ನ ಡೊಂಕು ರೊಟ್ಟಿಯನ್ನು ಹೊಗಳಿ ಜೀಪು ಹತ್ತಿದರು.

ಒಂಬತ್ತಕ್ಕೆ ಒಂಬತ್ತೂ ಫೇಲು. ಎರಡು ದಿನ ನಾನು ಅನ್ನ ಸೇರದೆ ಅತ್ತೆ. ಆಮೇಲೆ ದೊಡ್ಡವ್ವನ ಹತ್ತಿರ ಹೋಗಿ ಜಗಳವಾಡಿದೆ. ಒಂದೇ ಒಂದು ಸಲ, ಆ ಮನುಷ್ಯನ ಎದುರಿಗೆ, ಚುಕ್ಕಿ ಬಿಟ್ಟು ಬರೆದಿದ್ದರೆ ನಿಮ್ಮ ಗಂಟು ಏನು ಹೋಗುತ್ತಿತ್ತು ಎಂದೆ. ಅವರು ಒಲೆಯ ಮೇಲಿನ ಚಹಾ ಸೋಸಿ ಕೊಟ್ಟರು, ಅಷ್ಟೇ. ನಾನು ಕಲಿಸಲು ಬಾರದವಳು ಎಂದು ನನಗೆ ಖಾತ್ರಿಯಾಗಿತ್ತು.

ಫೇಲಾದ ಸುದ್ದಿಯಿಂದ ಖುಷಿಯಾದವನು ಮೈದುನ ಒಬ್ಬನೇ. ಹೆಸರು ಬರೆಯಲು ಬರುತ್ತದೆ, ಓದಲು ಬರುವುದಿಲ್ಲ ಎಂದು ಸರಕಾರವೇ ಹೇಳಿದಂತಾಯಿತು ಅವನಿಗೆ. ಚುಕ್ಕಿ ಇಟ್ಟರೇನು, ಬಿಟ್ಟರೇನು, ಸಹಿ ಸಹಿಯೇ. ಮುಂದಿನ ಸೋಮವಾರ ಹುನಗುಂದಕ್ಕೆ ಹೋಗುವುದು ಎಂದು ದಿನ ಗೊತ್ತುಮಾಡಿದ. ದೊಡ್ಡವ್ವ ಒಪ್ಪಿಕೊಂಡರು, ಆದರೆ ಅಕ್ಕಾರನ್ನೂ ಕರೆದುಕೊಂಡು ಬರುತ್ತೇನೆ ಎಂದರು. ಸೋಮವಾರ ಬಸ್ಸು ಹತ್ತಿದೆವು. ಮೈದುನ ನಮ್ಮಿಬ್ಬರಿಗೂ ಟಿಕೆಟ್ ತೆಗೆಸಿದ, ಹುನಗುಂದದಲ್ಲಿ ಇಳಿದ ಮೇಲೆ ಮಿರ್ಚಿ ಭಜಿ ಕೊಡಿಸಿದ. ನಾನು ತಿನ್ನಲಿಲ್ಲ. ದೊಡ್ಡವ್ವ ತಮ್ಮದನ್ನೂ ನನ್ನದನ್ನೂ ತಿಂದರು.

ನೋಂದಣಿ ಕಚೇರಿಯ ಜಗಲಿಯ ಮೇಲೆ ಬಾಂಡ್ ಬರೆಯುವವರು ಸಾಲಾಗಿ ಕುಳಿತಿದ್ದರು. ಅವರಲ್ಲೊಬ್ಬ ಮುದುಕ ಮೊದಲೇ ಕಾಗದ ಸಿದ್ಧಮಾಡಿಟ್ಟಿದ್ದ. ನಳಕ್ಕೆ ನೋಂದಣಿ ಕಚೇರಿ ಯಾಕೆ ಎಂದು ನಾನು ಕೇಳಿಯೇಬಿಟ್ಟೆ. ಮೈದುನ ನಕ್ಕು, ದೊಡ್ಡ ನಳ ಎಂದ. ಕಾಗದ ಕೊಡಿ, ಓದಿ ಹೇಳುತ್ತೇನೆ ಎಂದು ನಾನು ಕೈಚಾಚಿದೆ. ದೊಡ್ಡವ್ವ ನನ್ನ ಮುಂಗೈ ಹಿಡಿದು ಕೆಳಗಿಳಿಸಿದರು. ಪಾಠದ ಹೊತ್ತಲ್ಲ, ಆದ್ದರಿಂದ ಏಕವಚನದಲ್ಲೇ ಹೇಳಿದರು.

"ನೀ ಹೊರಗ ನಿಂದ್ರು. ಹ್ವಾದ ಸಲ ಇಂವ ಓದಿ ಹೇಳಿದ. ಇವತ್ತ ನೀ ಓದಿ ಹೇಳಿದ್ರ ಮತ್ತ ಬ್ಯಾರೇದವರ ಬಾಯೇ ಆತಲ್ಲ."

ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಇಷ್ಟು ದಿನ ಹೇಳಿಕೊಟ್ಟವಳನ್ನು ಬೇಕಾದ ಹೊತ್ತಿಗೆ ಹೊರಗೆ ನಿಲ್ಲಿಸುವುದೇ? ಕಚೇರಿಯ ಹೊರಗೆ ಹೋಗಿ ಕಿಟಕಿಯ ಸರಳು ಹಿಡಿದು ನಿಂತೆ.

ಒಳಗೆ ಅಧಿಕಾರಿ, ಇಬ್ಬರು ಕಾರಕೂನರು, ಮೈದುನ, ಬಾಂಡ್ ಬರೆದ ಮುದುಕ. ದೊಡ್ಡವ್ವನ ಮುಂದೆ ಛಾಪಾ ಕಾಗದ ಇಟ್ಟು ಸಹಿಯ ಜಾಗ ತೋರಿಸಿದರು. ಓದಿ ಹೇಳಲಿ ಏನ್ರಿ ಎಂದು ಅಧಿಕಾರಿ ಕೇಳಿದರು. ಬೇಡ, ನಾನೇ ಓದುತ್ತೇನೆ ಎಂದು ದೊಡ್ಡವ್ವ ಕಾಗದದ ಮೊದಲ ಸಾಲಿಗೆ ಪೆನ್ನು ತಂದರು. ಅವರು ಏನು ಮಾಡಲಿದ್ದಾರೆ ಎಂದು ಆ ಕಚೇರಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ನಾನು ಹೊರಗಿದ್ದೆ.

ಅವರು ಛಾಪಾ ಕಾಗದದ ಅಕ್ಷರಗಳ ಮೇಲೆ ಚುಕ್ಕಿ ಇಡತೊಡಗಿದರು.

ಬಾಂಡ್ ಬರೆದ ಮುದುಕ ತನ್ನ ಮೈಗೇ ಚುಚ್ಚಿದಂತೆ ನರಳಿದ. ಅವನ ಕೈಬರಹ ಹುನಗುಂದ ತಾಲೂಕಿಗೇ ಹೆಸರಾದದ್ದಂತೆ. ಮೈದುನ ಪೆನ್ನು ಹಿಡಿಯಲು ಹೋದ. ಅಧಿಕಾರಿ ಬೇಡವೆಂದು ಸನ್ನೆ ಮಾಡಿದರು. ಆಕೆ ಓದುತ್ತಿದ್ದಾರೆ, ಓದುವವರನ್ನು ತಡೆಯಲು ತಮಗೆ ಅಧಿಕಾರವಿಲ್ಲ ಎಂದರು. ಆ ಒಂದು ಮಾತಿಗೆ ಅವರನ್ನು ನಾನು ಇಂದಿಗೂ ನೆನೆಯುತ್ತೇನೆ. ಒಂದು ತಾಸು ಕಳೆಯಿತು. ಕಾರಕೂನರು ಬಂದು ನೋಡಿ ಹೋದರು, ಬೇರೆ ಕೆಲಸಕ್ಕೆ ಬಂದವರು ಕಿಟಕಿಯಲ್ಲಿ ನನ್ನ ಪಕ್ಕ ಸೇರಿಕೊಂಡರು, ಅಜ್ಜಿ ಏನು ಹುಡುಕುತ್ತಿದ್ದಾಳೆ ಎಂದು ನನ್ನನ್ನೇ ಕೇಳಿದರು. ದೊಡ್ಡವ್ವನಿಗೆ ಹೆಚ್ಚಿನ ಪದಗಳು ಗೊತ್ತಿರಲಿಲ್ಲ. ಕೋರ್ಟಿನ ಕನ್ನಡ ನನಗೇ ತಿಳಿಯುವಂಥದಲ್ಲ. ಗೊತ್ತಿಲ್ಲದ್ದನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು, ಕಲ್ಲು ಆರಿಸಿ ಜೋಳ ಉಳಿಸಿಕೊಂಡಂತೆ. ಎರಡನೆಯ ಪುಟದ ನಡುವೆ ಪೆನ್ನು ನಿಂತಿತು. ಅವರ ತುಟಿ ನನಗೆ ಕಾಣುತ್ತಿತ್ತು. ಒಂಬತ್ತು. ಐದು. ಕೆಳಗೆ ಮೂರು.

ಅವರು ತಲೆಯೆತ್ತಿ ಮೈದುನನ ಕಡೆ ನೋಡಿದರು.

"ನಳದ ಕಾಗದದಾಗ ಮಗ್ಗ ಯಾಕ ಬಂತಪಾ?"

ಬಾಂಡ್ ಬರೆದ ಮುದುಕ ತನ್ನ ಉಗುರು ನೋಡಿಕೊಂಡ. ಅಧಿಕಾರಿ ಕಾಗದ ತಮ್ಮ ಕಡೆ ತಿರುಗಿಸಿಕೊಂಡು, ಮಗ್ಗದ ಕೋಣೆ ಹಾಗೂ ಅಡುಗೆಮನೆಯ ಮೇಲಿನ ಹಕ್ಕನ್ನು ಬಿಟ್ಟುಕೊಡುವ ಪತ್ರ ಇದು, ನಳದ ಮಾತು ಇದರಲ್ಲಿ ಎಲ್ಲಿಯೂ ಇಲ್ಲ ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, ನಿಮಗೆ ಸಹಿ ಮಾಡುವ ಇಚ್ಛೆ ಇದೆಯೇ ಎಂದು ಕೇಳಿದರು. ಮೈದುನ, ಮನೆಯ ಮಾತು ಮನೆಯಲ್ಲಿ ಆಡೋಣ, ಇಷ್ಟು ದೂರ ಬಂದಾಗಿದೆ, ಒಂದು ಹೆಬ್ಬೆಟ್ಟಾದರೂ ಒತ್ತು ಅತ್ತಿಗಿ ಎಂದು ಮಸಿಯ ಡಬ್ಬಿ ಮುಂದೆ ತಳ್ಳಿದ. ದೊಡ್ಡವ್ವನ ಹೆಬ್ಬೆರಳಿಗೆ ಅವತ್ತು ಪಟ್ಟಿ ಇರಲಿಲ್ಲ. ಒಂದು ವರ್ಷದ ಮೇಲೆ ಅವನು ಅದನ್ನು ಕಂಡದ್ದು ಅಂದೇ. ಅವರು ಅದನ್ನು ಪೆನ್ನಿಗೆ ಒತ್ತಿ ಹಿಡಿದು, ಸಹಿಯ ಜಾಗದಲ್ಲಿ ಚುಕ್ಕಿ ಇಡತೊಡಗಿದರು.

ಸರಳಿನ ಸಂದಿಯಿಂದ ಕೂಗಬೇಕೆಂದು ಬಾಯಿ ತೆರೆದೆ, ಅವರು ನನ್ನನ್ನು ಹೊರಗೆ ನಿಲ್ಲಿಸಿದ್ದು ನೆನಪಾಗಿ ಮುಚ್ಚಿಕೊಂಡೆ. ಏಳು, ಹದಿನಾರು, ಇಪ್ಪತ್ತೈದು. ಮೂವತ್ತೊಂದೂ ಚುಕ್ಕಿ ಇಟ್ಟರು, ಒಂದೂ ಸಾಲು ತಪ್ಪಲಿಲ್ಲ. ಹೆಸರು ಕಾಗದದ ಮೇಲೆ ಇತ್ತು, ಇರಲೂ ಇಲ್ಲ. ಆಮೇಲೆ ಪೆನ್ನಿಗೆ ಟೊಪ್ಪಿಗೆ ಹಾಕಿ ಮೇಜಿನ ಮೇಲೆ ಇಟ್ಟರು.

"ಚಿಕ್ಕಿ ಇಟ್ಟೇನಿ. ಕೂಡಸಂಗಿಲ್ಲ."

ಆ ಕಚೇರಿಯಲ್ಲಿ ಮುಂದೆ ನಡೆದದ್ದು ನಗುವಂಥದು. ಇದು ಸಹಿಯೋ ಅಲ್ಲವೋ ಎಂದು ಇಬ್ಬರು ಕಾರಕೂನರಲ್ಲಿ ವಾದ ಹತ್ತಿತು. ಸಹಿ ಮಾಡಿಲ್ಲ ಎನ್ನಲು ಕಾಗದದ ಮೇಲೆ ಏನೋ ಇದೆ. ಮಾಡಿದ್ದಾರೆ ಎನ್ನಲು ಅದನ್ನು ಓದಲು ಬರುವುದಿಲ್ಲ. ಒಬ್ಬ ನಿಯಮದ ಪುಸ್ತಕ ತೆಗೆದ, ಚುಕ್ಕಿಯ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಕಡೆಗೆ ಅಧಿಕಾರಿ, ಬರೆದುಕೊಡುವವರ ಮನಸ್ಸಿಲ್ಲದೆ ನೋಂದಣಿ ಇಲ್ಲ ಎಂದು ಕಾಗದ ವಾಪಸು ಮಾಡಿದರು. ಸಿಡುಬಿನ ಕಲೆಗಳ ಆ ಛಾಪಾ ಕಾಗದ ಎದೆಗೆ ಅವಚಿಕೊಂಡು ಮೈದುನ ನನ್ನ ಮುಂದೆಯೇ ಹಾದುಹೋದ. ನಿಮ್ಮ ವಿದ್ಯೆ ಹಾಳಾಗಲಿ ಎಂದ. ಇಷ್ಟು ದಿನ ಕೊಡೆ ಹಿಡಿದವನಿಗೆ ಅಷ್ಟಾದರೂ ಹಕ್ಕು ಇತ್ತು ಬಿಡಿ.

ದೊಡ್ಡವ್ವ ಹೊರಗೆ ಬಂದು ಜಗಲಿಯ ಮೆಟ್ಟಿಲು ಇಳಿಯತೊಡಗಿದರು. ನಾನು ತೋಳು ಹಿಡಿಯಲು ಹೋದೆ. ಬಿಡು, ಬರುತ್ತೇನೆ ಎಂದರು. ಚುಕ್ಕಿ ಬಿಡದ್ದಕ್ಕೆ ಅಷ್ಟು ಜಗಳವಾಡಿದ್ದೆನಲ್ಲ, ಅದು ನೆನಪಾಗಿ ನನಗೆ ತಲೆಯೆತ್ತಲು ಆಗಲಿಲ್ಲ. ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದೆವು.

ಅಲ್ಲಿ ಒಂದು ಬಸ್ಸು ಹೊರಡಲು ನಿಂತಿತ್ತು. ಅದು ನಮ್ಮ ಬಸ್ಸು. ಮೈದುನ ಆಗಲೇ ಕಿಟಕಿಯ ಹತ್ತಿರ ಕುಳಿತಿದ್ದ. ನಾನು "ದೊಡ್ಡವ್ವ, ಇದಽ" ಅನ್ನುವಷ್ಟರಲ್ಲಿ ಅವರು ಕೈಯೆತ್ತಿ ನನ್ನನ್ನು ತಡೆದರು.

"ಹೇಳಬ್ಯಾಡ. ನಾ ನೋಡ್ತೇನಿ."

ಕಂಡಕ್ಟರ್ ಎಂಬುವವನು ಯಾರ ಮಾತು ಕೇಳುತ್ತಾನೆ? ಇಲಕಲ್ ಇಲಕಲ್ ಎಂದು ಕೂಗತೊಡಗಿದ. ದೊಡ್ಡವ್ವ ಅವನ ಕಡೆ ಕೆಟ್ಟ ಕಣ್ಣು ಬಿಟ್ಟು, ಎಡಗೈಯಿಂದ ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದನ್ನು ಭುಜಕ್ಕೆ ಒತ್ತಿಕೊಂಡು, ಬಲಗೈಯ ಬೆರಳಿನಿಂದ ಬಸ್ಸಿನ ಬೋರ್ಡಿಗೆ ದೂರದಿಂದಲೇ ಗಾಳಿಯಲ್ಲಿ ಚುಕ್ಕಿ ಇಡತೊಡಗಿದರು. ಎರಡನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಬಸ್ಸು ಹೊರಟಿತು. ಕಿಟಕಿಯಿಂದ ಮೈದುನ, ಎಷ್ಟೆಂದರೂ ಮನೆಯ ಮನುಷ್ಯ, ಬಾ ಬಾ ಎಂದು ಕೈಮಾಡಿ ಕೂಗಿದ. ಕಿವಿ ಮುಚ್ಚಿಕೊಂಡವರಿಗೆ ಅದು ಕೇಳಲಿಲ್ಲ.

ಮುಂದಿನ ಬಸ್ಸು ಮುಕ್ಕಾಲು ತಾಸಿನ ಮೇಲೆ ಬಂತು. ಅದರಲ್ಲಿ ಮೂರು ಅಕ್ಷರ ಆದವು, ಅಷ್ಟರಲ್ಲಿ ಅದೂ ಹೋಯಿತು. ನನಗೆ ಹಸಿವಾಗಿತ್ತು, ಬೆಳಗಿನ ಭಜಿ ಬಿಟ್ಟದ್ದಕ್ಕೆ ಪಶ್ಚಾತ್ತಾಪವಾಗಿತ್ತು, ನಾಲಿಗೆಯ ತುದಿಯಲ್ಲಿ ಊರಿನ ಹೆಸರು ಕುಣಿಯುತ್ತಿತ್ತು. ಹೇಳಲು ಒಂದು ಕ್ಷಣ ಸಾಕು. ಮಂಗ ಒಯ್ದ ಪುಟದಲ್ಲಿ ಆ ಐದು ವಿಧಾನಗಳು ಏನಿದ್ದವೋ ನನಗೆ ಇಂದಿಗೂ ತಿಳಿಯದು. ಆಮೇಲೆ ನೌಕರಿ ಸಿಕ್ಕು ಎಂಬತ್ತರ ದಶಕದುದ್ದಕ್ಕೂ ರಾಮಥಾಳದ ಕಡೆಯ ಸಾಲೆಗಳಲ್ಲಿ ಮಕ್ಕಳಿಗೆ ಕಲಿಸಿದಾಗ ನನಗೆ ಗೊತ್ತಿದ್ದದ್ದು ಒಂದೇ ವಿಧಾನ. ಅದನ್ನು ಕಲಿತದ್ದು ಆ ಬಸ್ ಸ್ಟ್ಯಾಂಡಿನಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು ನಿಂತು.

ಮೂರನೆಯ ಬಸ್ಸು ಬಂದಾಗ ಬಿಸಿಲು ಇಳಿದಿತ್ತು. ದೊಡ್ಡವ್ವ ಬೆರಳೆತ್ತಿದರು, ಎಣಿಸಿದರು, ಕಿವಿಯಿಂದ ಕೈ ತೆಗೆದರು. ನನ್ನ ಕಡೆ ತಿರುಗಿ, ಗೊತ್ತಿಲ್ಲದವಳಿಗೆ ತಿಳಿಸಿ ಹೇಳುವಂತೆ, "ಇಲಕಲ್" ಅಂದರು.

"ಹೌದೇನ್ರಿ?" ಎಂದೆ.

ಹೌದು, ಬಸ್ಸು ಹತ್ತು ಎಂದು ಅವರು ಮುಂದೆ ಹತ್ತಿದರು. ನಾನು ಅವರ ಹಿಂದೆ ಹತ್ತಿದೆ.